ವಾಂತಿ-ಭೇದಿ ಆದ ಪುಟ್ಟ ಮಗುವಿಗೆ ಓಆರ್‌ಎಸ್ ಕುಡಿಸುವುದು ಹೇಗೆ?

ಒಂದರಿಂದ ಮೂರು ವರ್ಷದೊಳಗಿನ ಮಗುವಿಗೆ ವಾಂತಿ-ಭೇದಿ ಶುರುವಾದರೆ ಮನೆಯವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಭೇದಿ ನಿಲ್ಲೋಕೆ ಏನು ಕೊಡೋದು?" ಈ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಈ ವಯಸ್ಸಿನ ಮಕ್ಕಳಲ್ಲಿ ಹೆಚ್ಚಿನ ಸಲ ಇದಕ್ಕೆ ರೋಟಾವೈರಸ್, ನೊರೊವೈರಸ್‌ನಂಥ ವೈರಸ್‌ಗಳೇ ಕಾರಣ. ವಾಂತಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಭೇದಿ ಐದರಿಂದ ಏಳು ದಿನ ಎಳೆಯುತ್ತದೆ. ತಾನಾಗಿ ಬಂದಿದ್ದು ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಮೈಯಿಂದ ಹೋದ ನೀರು ಮತ್ತು ಉಪ್ಪನ್ನು ವಾಪಸ್ ತುಂಬುತ್ತಾ ಇರುವುದು ಮನೆಯವರ ಕೆಲಸ. ಅದಕ್ಕೆ ಇರುವುದೇ ಓಆರ್‌ಎಸ್, ಅಂದರೆ ಉಪ್ಪು ಮತ್ತು ಗ್ಲೂಕೋಸ್ ಹದವಾಗಿ ಬೆರೆತ ಪುಡಿಯನ್ನು ನೀರಲ್ಲಿ ಕಲಸಿ ಕುಡಿಸುವ ದ್ರಾವಣ.

ದೊಡ್ಡವರಿಗೆ ನಾಲ್ಕು ಸಲ ಭೇದಿಯಾದರೆ ಸುಸ್ತು ಅಷ್ಟೇ. ಮಗುವಿನ ಲೆಕ್ಕವೇ ಬೇರೆ. 10 ಕೆಜಿ ತೂಕದ ಮಗುವಿನ ಮೈಯಿಂದ ಅರ್ಧ ಲೀಟರ್ ನೀರು ಹೋದರೆ ಅದರ ತೂಕದ ಶೇ 5ರಷ್ಟು ಹೋದಂತೆ. 60 ಕೆಜಿ ತೂಗುವ ಅಪ್ಪನಿಗೆ ಅಷ್ಟೇ ಪೆಟ್ಟು ಬೀಳಬೇಕಾದರೆ 3 ಲೀಟರ್ ಹೋಗಬೇಕು. ಹಾಗಾಗಿ "ನಾಳೆ ಬೆಳಗ್ಗೆ ನೋಡೋಣ" ಅನ್ನುವುದು ಬೇಡ. ಮೊದಲ ನೀರು ಭೇದಿ ಆದ ತಕ್ಷಣವೇ ಕುಡಿಸಲು ಶುರು ಮಾಡಿ.

ಮೊದಲು ಮಗುವನ್ನು ಸರಿಯಾಗಿ ನೋಡಿ

ಏನು ಕುಡಿಸುವುದು ಅನ್ನುವ ಮೊದಲು ಎರಡು ನಿಮಿಷ ಮಗುವನ್ನು ಗಮನಿಸಿ. ಎಷ್ಟು ಸಲ ಭೇದಿ ಆಯಿತು ಅನ್ನುವುದಕ್ಕಿಂತ ಮಗು ಹೇಗಿದೆ ಅನ್ನುವುದು ಮುಖ್ಯ.

ಆಟ ಆಡುತ್ತಿದೆ, ಅತ್ತರೆ ಕಣ್ಣೀರು ಬರುತ್ತಿದೆ, ನಾಲಿಗೆ ಒದ್ದೆಯಾಗಿದೆ, ಉಚ್ಚೆ ಹೋಗುತ್ತಿದೆ ಅಂದರೆ ಸದ್ಯಕ್ಕೆ ಮನೆಯಲ್ಲೇ ನೋಡಿಕೊಳ್ಳಬಹುದು.

ಕಿರಿಕಿರಿ ಮಾಡುತ್ತಿದೆ, ಕಣ್ಣು ಗುಳಿ ಬಿದ್ದಿದೆ, ಬಾಯಿ ಒಣಗಿದೆ, ಲೋಟ ತೋರಿಸಿದರೆ ಬಾಯಾರಿ ಕಿತ್ತುಕೊಂಡು ಕುಡಿಯುತ್ತದೆ, ಇಂಥವು ಕಂಡರೆ ನೀರು ಕಮ್ಮಿಯಾಗಿದೆ ಅಂತ ಅರ್ಥ. ಹೊಕ್ಕಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ. ಅದು ತಕ್ಷಣ ಕೂರಬೇಕು. ನಿಧಾನಕ್ಕೆ ಕೂತರೆ ಅದೂ ಲಕ್ಷಣವೇ. ಈ ಹಂತದಲ್ಲಿ ಓಆರ್‌ಎಸ್ ಕುಡಿಸುತ್ತಲೇ ಡಾಕ್ಟರ ಹತ್ತಿರ ಹೋಗಿ.

ಮಗು ಮಂಪರು ಹಿಡಿದಂತೆ ಮಲಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಕುಡಿಯಲು ಆಗದಿದ್ದರೆ, ಎತ್ತಿದ ಚರ್ಮ ಎರಡು ಸೆಕೆಂಡ್ ದಾಟಿದರೂ ಕೂರದಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಮನೆಮದ್ದಿನ ಸಮಯ ಮುಗಿದಿದೆ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ.

ಇನ್ನೂ ಕೆಲವಕ್ಕೆ ಕಾಯುವುದು ಬೇಡ: ಮಲದಲ್ಲಿ ರಕ್ತ, ಹಸಿರು ಅಥವಾ ರಕ್ತ ಬೆರೆತ ವಾಂತಿ, ಉಬ್ಬಿ ಗಟ್ಟಿಯಾದ ಹೊಟ್ಟೆ, ಇಳಿಯದ ಜೋರು ಜ್ವರ, ಫಿಟ್ಸ್, ಆರರಿಂದ ಎಂಟು ಗಂಟೆ ಉಚ್ಚೆಯೇ ಇಲ್ಲದಿರುವುದು, ಕುಡಿಸಿದ್ದೆಲ್ಲಾ ವಾಂತಿಯಾಗುವುದು. ಮಗುವಿಗೆ ಒಂದು ವರ್ಷ ತುಂಬಿಲ್ಲ, ಇಲ್ಲವೇ ಮೊದಲೇ ತೂಕ ಕಮ್ಮಿ ಇದೆ ಅಂದರೆ ಇವು ಕಾಣುವ ಮೊದಲೇ ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ಸರಿಯಾದ ಪ್ಯಾಕೆಟ್ ತನ್ನಿ

ಎಡವುವ ಜಾಗ ಇದೇ. ಮೆಡಿಕಲ್ ಶಾಪಿಗೆ ಹೋಗಿ ಓಆರ್‌ಎಸ್ ಕೇಳಿದರೆ ಎಷ್ಟೋ ಕಡೆ ಕಿತ್ತಳೆ ಅಥವಾ ಸೇಬಿನ ರುಚಿಯ, ಸ್ಟ್ರಾ ಹಾಕಿ ಕುಡಿಯುವ ಡಬ್ಬಿ ಕೈಗೆ ಬರುತ್ತಿತ್ತು. ಅವುಗಳಲ್ಲಿ ಅನೇಕವು ಓಆರ್‌ಎಸ್ ಆಗಿರಲೇ ಇಲ್ಲ. ಹೆಸರಿನಲ್ಲಿ ಓಆರ್‌ಎಸ್, ಒಳಗೆ ಸಿಹಿ ಪಾನೀಯ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದು ಎಂದು ಆದೇಶ ಹೊರಡಿಸಿತು. ಆದೇಶ ಬಂದಿದ್ದರೂ ಪ್ಯಾಕೆಟ್ ತಿರುಗಿಸಿ ಓದುವ ಅಭ್ಯಾಸ ಬಿಡಬೇಡಿ.

ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರಬೇಕು. ಒಂದು ಲೀಟರಿನ ಪ್ಯಾಕೆಟ್ ಆದರೆ ಅಳತೆ ಹೀಗಿರುತ್ತದೆ: ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಒಟ್ಟು 20.5 ಗ್ರಾಂ. 200 ಮಿ.ಲೀ. ನೀರಿಗೆ ಹಾಕುವ ಪುಟ್ಟ ಪ್ಯಾಕೆಟ್ ಕೂಡ ಸಿಗುತ್ತದೆ. ಅದರಲ್ಲಿ ಸುಮಾರು 4 ಗ್ರಾಂ ಪುಡಿ ಇರುತ್ತದೆ. ಪುಟ್ಟ ಮಗುವಿರುವ ಮನೆಗೆ ಚಿಕ್ಕದೇ ವಾಸಿ. ಬೇಕಾದಾಗ ಹೊಸದಾಗಿ ಕಲಸಬಹುದು, ಚೆಲ್ಲಿದರೂ ಹೊಟ್ಟೆ ಉರಿಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಉಚಿತವಾಗಿಯೇ ಸಿಗುತ್ತದೆ. ನಾಲ್ಕು ಪ್ಯಾಕೆಟ್ ಮನೆಯಲ್ಲಿ ಇಟ್ಟುಕೊಂಡಿರಿ. ಈ ಕಾಯಿಲೆ ರಾತ್ರಿ ಹನ್ನೊಂದಾದ ಮೇಲೇ ಶುರುವಾಗುವ ಹಾಗೆ ಕಾಣುತ್ತದೆ, ಅಂಗಡಿ ಬಾಗಿಲು ಹಾಕಿದ ಮೇಲೆ.

ಸಕ್ಕರೆ ಜಾಸ್ತಿ ಇದ್ದರೆ ಏನಾಯ್ತು, ಶಕ್ತಿ ಬರುತ್ತದಲ್ವಾ ಅನ್ನಬಹುದು. ಇಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಗೆ ಹೋಗುತ್ತವೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಭೇದಿ ಆಗುತ್ತಿರುವಾಗಲೂ ಈ ದಾರಿ ಕೆಲಸ ಮಾಡುತ್ತಿರುತ್ತದೆ. ಆದರೆ ಎರಡೂ ಹದದಲ್ಲಿರಬೇಕು. ಸಕ್ಕರೆ ಅತಿಯಾದರೆ ಉಳಿದದ್ದು ಕರುಳಿನಲ್ಲೇ ನಿಂತು ಮೈಯ ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಭೇದಿ ಇನ್ನೂ ಹೆಚ್ಚುತ್ತದೆ. ಕೋಲಾ, ಡಬ್ಬಿ ಜ್ಯೂಸ್, ಬರೀ ಗ್ಲೂಕೋಸ್ ಪುಡಿ ಕಲಸಿದ ನೀರು ಬೇಡ ಅನ್ನುವುದಕ್ಕೂ ಇದೇ ಕಾರಣ.

ಕಲಸುವ ರೀತಿ

1. ಕೈಯನ್ನು ಸೋಪು ಹಾಕಿ ತೊಳೆಯಿರಿ. ಕಾಯಿಸಿ ಆರಿಸಿದ ನೀರು ತೆಗೆದುಕೊಳ್ಳಿ.

2. ಪ್ಯಾಕೆಟ್ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ನೀರು ಅಳೆಯಿರಿ. ಮನೆಯ ಲೋಟವನ್ನು ನಂಬಬೇಡಿ, ಒಂದೊಂದು ಲೋಟದ ಅಳತೆ ಒಂದೊಂದು. ಅಳತೆ ಗುರುತಿರುವ ಬಾಟಲಿ ಇಲ್ಲವೇ ಒಂದು ಲೀಟರಿನ ನೀರಿನ ಬಾಟಲಿ ಬಳಸಿ.

3. ಪೂರ್ತಿ ಪ್ಯಾಕೆಟ್ ಒಂದೇ ಸಲ ಸುರಿದು ಕರಗಿಸಿ. ಅರ್ಧ ಇವತ್ತು, ಅರ್ಧ ನಾಳೆ ಅಂತ ಮಾಡಿದರೆ ಉಪ್ಪಿನ ಹದ ಕೆಡುತ್ತದೆ. ನೀರು ಕಮ್ಮಿ ಹಾಕಿ ಗಟ್ಟಿ ಮಾಡಿದರೆ ಮೈಯಲ್ಲಿ ಸೋಡಿಯಂ ಏರಿ ಅಪಾಯವಾಗಬಹುದು. ತೆಳ್ಳಗೆ ಮಾಡಿದರೆ ಉಪಯೋಗ ಇಲ್ಲ.

4. ಸಕ್ಕರೆ, ಹಾಲು, ಜ್ಯೂಸ್, ಜೇನು ಏನೂ ಸೇರಿಸಬೇಡಿ. ಕಲಸಿದ ಮೇಲೆ ಕುದಿಸಬೇಡಿ.

5. ಮುಚ್ಚಿಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ.

ಮಧ್ಯರಾತ್ರಿ ಪ್ಯಾಕೆಟ್ ಇಲ್ಲದೇ ಸಿಕ್ಕಿಹಾಕಿಕೊಂಡರೆ? ಒಂದು ಲೀಟರ್ ನೀರಿಗೆ ಆರು ಸಪಾಟಾದ ಟೀ ಚಮಚ ಸಕ್ಕರೆ, ಅರ್ಧ ಸಪಾಟಾದ ಟೀ ಚಮಚ ಉಪ್ಪು. ಚಮಚದ ತುದಿ ಗೋಪುರ ಆಗಬಾರದು, ಚಾಕುವಿನಿಂದ ಸವರಿ. ಮಗುವಿಗೆ ಕೊಡುವ ಮೊದಲು ನೀವು ರುಚಿ ನೋಡಿ: ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಅಳತೆ ತಪ್ಪುವುದೂ ಸುಲಭ. ಬೆಳಗ್ಗೆ ಅಂಗಡಿ ತೆರೆಯುವವರೆಗೆ ಮಾತ್ರ ಸಾಕು.

ಕುಡಿಸುವುದು: ಒಂದೊಂದೇ ಚಮಚ

"ಏನು ಕುಡಿಸಿದರೂ ಕಕ್ಕಿಬಿಡುತ್ತೆ" ಅನ್ನುವ ಮನೆಗಳಲ್ಲಿ ಸಾಮಾನ್ಯವಾಗಿ ಲೋಟಗಟ್ಟಲೆ ಕುಡಿಸುತ್ತಿರುತ್ತಾರೆ. ಬಾಯಾರಿದ ಮಗು ಗಟಗಟನೆ 100 ಮಿ.ಲೀ. ಇಳಿಸುತ್ತದೆ. ಕೆರಳಿದ ಹೊಟ್ಟೆ ಅಷ್ಟನ್ನೂ ಹೊರಗೆ ತಳ್ಳುತ್ತದೆ. ಅದೇ 100 ಮಿ.ಲೀ. ಅನ್ನು ಚಮಚದಲ್ಲಿ ಕೊಟ್ಟರೆ ಬಹುಪಾಲು ಒಳಗೇ ಉಳಿಯುತ್ತದೆ.

ಮಗುವನ್ನು ತೊಡೆ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಮಲಗಿಸಿ ಕುಡಿಸಬೇಡಿ. ಒಂದೆರಡು ನಿಮಿಷಕ್ಕೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಇದು ಏನೂ ಅಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ: ಎರಡು ನಿಮಿಷಕ್ಕೊಂದು ಚಮಚ ಅಂದರೆ ಗಂಟೆಗೆ 150 ಮಿ.ಲೀ., ನಿಮಿಷಕ್ಕೊಂದಾದರೆ 300 ಮಿ.ಲೀ. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ. ಮನೆಯಲ್ಲಿ ಇಬ್ಬರಿದ್ದರೆ ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿ. ಒಬ್ಬರೇ ಮಾಡಿದರೆ ಸಾಕುಸಾಕಾಗಿ "ಒಂದು ಲೋಟ ಕುಡಿದುಬಿಡು ಕಂದ" ಅನ್ನುವ ಹಂತಕ್ಕೆ ಬರುತ್ತೀರಿ.

ಅಜ್ಜಿಯ ಪೆಟ್ಟಿಗೆಯಲ್ಲಿ ಒಳಲೆ ಇದ್ದರೆ ಈಗ ಹೊರಗೆ ತೆಗೆಯಿರಿ. ಎಳೆಯ ಕೂಸಿಗೆ ಹಾಲು ಕುಡಿಸುವ ಆ ಮೂತಿ ಇರುವ ಪುಟ್ಟ ಪಾತ್ರೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಿಸಿನೀರಲ್ಲಿ ಕುದಿಸಿ ತೊಳೆದು ಬಳಸಿ. ಇಲ್ಲದಿದ್ದರೆ ಚಮಚ, ಪುಟ್ಟ ಲೋಟ ಅಥವಾ ಔಷಧಿ ಜೊತೆ ಬರುವ ಸೂಜಿ ಇಲ್ಲದ ಸಿರಿಂಜು. ಸಿರಿಂಜಿನಲ್ಲಿ ಕೊಡುವಾಗ ಗಂಟಲಿಗೆ ನೇರ ಚಿಮ್ಮಿಸಬೇಡಿ. ಕೆನ್ನೆಯ ಒಳಬದಿಗೆ ಹನಿ ಹನಿಯಾಗಿ ಬಿಡಿ. ನಿಪ್ಪಲ್ ಬಾಟಲಿಯಲ್ಲಿ ಕೊಳೆ ಉಳಿಯುವುದು ಸುಲಭ, ಮಗು ಒಮ್ಮೆಲೇ ಜಾಸ್ತಿ ಎಳೆದುಕೊಳ್ಳುವುದೂ ಹೌದು. ಅದು ಬೇಡ.

ಮಧ್ಯೆ ವಾಂತಿ ಆಯಿತು ಅಂದುಕೊಳ್ಳಿ. ಗಾಬರಿ ಬೇಡ. ಬಾಯಿ ಒರೆಸಿ, ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಇನ್ನೂ ನಿಧಾನಕ್ಕೆ, ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ವಾಂತಿಯಾದರೂ ಕುಡಿದದ್ದೆಲ್ಲಾ ಹೊರಗೆ ಬಂದಿರುವುದಿಲ್ಲ, ಸ್ವಲ್ಪ ಒಳಗೆ ಸೇರಿರುತ್ತದೆ. ಹೀಗೆ ನಿಧಾನಕ್ಕೆ ಕೊಟ್ಟರೂ ಮತ್ತೆ ಮತ್ತೆ ಕಕ್ಕುತ್ತಿದ್ದರೆ ಡಾಕ್ಟರಿಗೆ ತೋರಿಸಿ. ವಾಂತಿ ತಡೆಯಲು ಅವರು ಒಂದು ಡೋಸ್ ಔಷಧಿ ಕೊಡಬಹುದು. ಅದನ್ನು ಮಗುವಿನ ತೂಕ ನೋಡಿ ಅವರೇ ಹೇಳಬೇಕು. ಹೋದ ಸಲ ಬರೆದುಕೊಟ್ಟ ಚೀಟಿ ಹುಡುಕಿಕೊಂಡು ಅಂಗಡಿಗೆ ಓಡಬೇಡಿ.

ಎಷ್ಟು ಕುಡಿಸಬೇಕು?

ನೀರಿನ ಕೊರತೆಯ ಲಕ್ಷಣ ಇನ್ನೂ ಇಲ್ಲದಿದ್ದರೆ ಪ್ರತಿ ಸಲ ನೀರು ಭೇದಿ ಆದ ಮೇಲೆ ಇಷ್ಟು: ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಎರಡು ವರ್ಷ ದಾಟಿದ್ದರೆ 100ರಿಂದ 200 ಮಿ.ಲೀ. ಇದು ದಿನನಿತ್ಯ ಕುಡಿಯುವ ಹಾಲು-ನೀರಿನ ಮೇಲೆ ಹೆಚ್ಚುವರಿ.

ಕಣ್ಣು ಗುಳಿ ಬಿದ್ದು ಕೊರತೆಯ ಲಕ್ಷಣ ಕಂಡಿದ್ದರೆ ಲೆಕ್ಕ ತೂಕದ ಮೇಲೆ: ಪ್ರತಿ ಕೆಜಿಗೆ 75 ಮಿ.ಲೀ., ನಾಲ್ಕು ಗಂಟೆಯೊಳಗೆ. 10 ಕೆಜಿ ಮಗುವಿಗೆ 750 ಮಿ.ಲೀ. ಆಯಿತು. ಇದನ್ನು ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರಿಗೇ ಕುಡಿಸುವುದು ಸರಿ. ದಾರಿಯಲ್ಲಿ, ಆಟೊದಲ್ಲಿ, ಸರದಿಯಲ್ಲಿ ಕಾಯುವಾಗಲೂ ಚಮಚ ನಿಲ್ಲಿಸಬೇಡಿ. ಇನ್ನೂ ಬೇಕು ಅಂತ ಮಗು ಕೇಳಿದರೆ ಕೊಡಿ.

ಆಸ್ಪತ್ರೆಗೆ ಹೋದವರಲ್ಲಿ "ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ, ಬೇಗ ಗುಣವಾಗ್ಲಿ" ಅನ್ನುವವರು ಬಹಳ. ಬಾಯಲ್ಲಿ ಕುಡಿಯಬಲ್ಲ ಮಗುವಿಗೆ ಡ್ರಿಪ್‌ನಿಂದ ಹೆಚ್ಚಿನ ಲಾಭ ಇಲ್ಲ. ಸೂಜಿ ಚುಚ್ಚುವ ಹಿಂಸೆ ಮಾತ್ರ ಹೆಚ್ಚು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತು. ಡ್ರಿಪ್ ಬಾಟಲಿಗಳು ಖಾಲಿಯಾಗುತ್ತಾ ಬಂದವು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಕಾಲರಾದಂಥ ಕಾಯಿಲೆಯಲ್ಲೇ ಇಷ್ಟು ಮಾಡಿದ ನೀರು ಇದು. ಅವರಿಗೆ 2023ರಲ್ಲಿ ಪದ್ಮವಿಭೂಷಣ ಬಂತು, ಅವರು ತೀರಿಕೊಂಡ ಮೇಲೆ. ಹಾಗಂತ ಡ್ರಿಪ್ ಬೇಡವೇ ಬೇಡ ಅಂತಲ್ಲ. ಮಗು ಕುಡಿಯಲಾರದಷ್ಟು ಬಳಲಿದ್ದರೆ ಜೀವ ಉಳಿಸುವುದು ಅದೇ.

ಬಾಯಿ ಬಿಗಿದುಕೊಂಡರೆ

ನಿಜವಾಗಿ ನೀರು ಕಮ್ಮಿಯಾದ ಮಗುವಿಗೆ ಉಪ್ಪುಪ್ಪು ರುಚಿ ಅಷ್ಟೇನೂ ಅಡ್ಡಿಯಾಗುವುದಿಲ್ಲ. ಮುಖ ತಿರುಗಿಸುವ, ಚಮಚ ತಳ್ಳುವ, ಜೋರಾಗಿ ಕಿರುಚುವ ಮಗು ಎಷ್ಟೋ ಸಲ ಅಷ್ಟೊಂದು ಒಣಗಿರುವುದಿಲ್ಲ. ಅದನ್ನು ನೆನಪಿಟ್ಟುಕೊಂಡರೆ ಅರ್ಧ ಆತಂಕ ಇಳಿಯುತ್ತದೆ.

ಕಲಸಿದ ಓಆರ್‌ಎಸ್ ಅನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ ಕೊಡಿ, ಉಪ್ಪಿನ ರುಚಿ ಕಮ್ಮಿ ಅನ್ನಿಸುತ್ತದೆ. ಅದನ್ನೇ ಐಸ್ ಕ್ಯಾಂಡಿ ಅಚ್ಚಿನಲ್ಲಿ ಗಟ್ಟಿ ಮಾಡಿ ನೆಕ್ಕಿಸಬಹುದು. ಐಸಿನ ತುಂಡು ಮಾತ್ರ ಬಾಯಿಗೆ ಹಾಕಬೇಡಿ, ಗಂಟಲಲ್ಲಿ ಸಿಕ್ಕೀತು. ಗೊಂಬೆಗೊಂದು ಚಮಚ, ತಾತನಿಗೊಂದು ಚಮಚ, ಆಮೇಲೆ ನಿನಗೆ ಅನ್ನುವ ನಾಟಕ ಈ ವಯಸ್ಸಿನಲ್ಲಿ ಚೆನ್ನಾಗಿ ನಡೆಯುತ್ತದೆ. ಅಮ್ಮನ ಕೈಯಲ್ಲಿ ಒಲ್ಲೆ ಅಂದದ್ದನ್ನು ಅಕ್ಕನ ಕೈಯಲ್ಲಿ ಕುಡಿಯುವುದೂ ಉಂಟು. ಮೂಗು ಹಿಡಿದು, ಕೈಕಾಲು ಒತ್ತಿ ಕುಡಿಸುವುದು ಬೇಡ. ನೆತ್ತಿಗೆ ಹತ್ತುತ್ತದೆ, ಮುಂದಿನ ಚಮಚ ಕಂಡರೇ ಅಳುತ್ತದೆ.

ಓಆರ್‌ಎಸ್ ಜೊತೆಗೆ ಏನು ಕೊಡಬಹುದು?

ಎದೆಹಾಲು ಕುಡಿಯುವ ಮಗುವಾದರೆ ಅದನ್ನು ನಿಲ್ಲಿಸಲೇಬೇಡಿ. ಮತ್ತೆ ಮತ್ತೆ ಕೊಡಿ. ವಾಂತಿ ಮಾಡುವ ಮಗು ಕೂಡ ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ ತಡೆದುಕೊಳ್ಳುತ್ತದೆ.

ನಮ್ಮ ಅಡುಗೆಮನೆಯಲ್ಲೇ ಒಳ್ಳೆಯವು ಇವೆ: ಚಿಟಿಕೆ ಉಪ್ಪು ಹಾಕಿದ ಅನ್ನದ ಗಂಜಿ ತಿಳಿ, ಹೆಸರುಬೇಳೆ ಕಟ್ಟು, ಉಪ್ಪು ಬೆರೆಸಿದ ನೀರು ಮಜ್ಜಿಗೆ, ತೆಳ್ಳಗಿನ ರಾಗಿ ಅಂಬಲಿ. ಓಆರ್‌ಎಸ್‌ನ ಮಧ್ಯೆ ಇವನ್ನು ಕೊಡುತ್ತಾ ಇರಿ. ಎಳನೀರು ಕೊಡಬಹುದು. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಭೇದಿಯಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಮ್ಮಿ. ಓಆರ್‌ಎಸ್ ಬದಲಿಗೆ ಎಳನೀರು ಅನ್ನುವಂತಿಲ್ಲ. ಬರೀ ನೀರು ಕೂಡ ಅಷ್ಟೇ, ಬಾಯಾರಿಕೆಗೆ ಸರಿ, ಉಪ್ಪು ತುಂಬುವುದಿಲ್ಲ.

ಕಾಫಿ ಡಿಕಾಕ್ಷನ್‌ಗೆ ನಿಂಬೆ ಹಿಂಡಿ ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ. ದೊಡ್ಡವರು ಏನಾದರೂ ಮಾಡಿಕೊಳ್ಳಲಿ, ಮಗುವಿಗೆ ಬೇಡ. ಮೆಂತ್ಯ ನುಂಗಿಸುವುದೂ ಬೇಡ, ಕಾಳು ಉಸಿರು ಕಟ್ಟಿಸೀತು. ಬಜೆ ತೇಯ್ದು ನೆಕ್ಕಿಸಿದರೆ ವಾಂತಿ ಹೆಚ್ಚಬಹುದು. "ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಅಂತ ಸುಮ್ಮನಿರುವುದು ಇವೆಲ್ಲಕ್ಕಿಂತ ಅಪಾಯ. ಹಲ್ಲು ಬರುವಾಗ ಮಗು ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕುತ್ತದೆ, ಸೋಂಕು ಬರುವುದು ಅಲ್ಲಿಂದ.

ಭೇದಿ ಕಟ್ಟಿಸುವ ಮಾತ್ರೆಯನ್ನು ಪುಟ್ಟ ಮಕ್ಕಳಿಗೆ ಕೊಡಲೇಬಾರದು. ಅದು ಕರುಳಿನ ಚಲನೆಯನ್ನೇ ತಡೆಯುತ್ತದೆ. ಹೊಟ್ಟೆ ಉಬ್ಬುತ್ತದೆ, ಪ್ರಾಣಕ್ಕೂ ಅಪಾಯ ಆಗಬಹುದು. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಮಲದಲ್ಲಿ ರಕ್ತ ಇದ್ದಾಗ, ಕಾಲರಾ ಇದ್ದಾಗ ಬೇಕೋ ಬೇಡವೋ ಡಾಕ್ಟರು ಹೇಳುತ್ತಾರೆ.

ಊಟದ ವಿಷಯ ಚುಟುಕಾಗಿ: ಹೊಟ್ಟೆಗೆ ರೆಸ್ಟ್ ಕೊಡುತ್ತೇವೆ ಅಂತ ಉಪವಾಸ ಕೆಡವಬೇಡಿ. ವಾಂತಿ ಸ್ವಲ್ಪ ತಗ್ಗಿದ ಕೂಡಲೇ ಮೊಸರನ್ನ, ಹೆಸರುಬೇಳೆ ಹುಗ್ಗಿ, ಇಡ್ಲಿ, ಹಿಸುಕಿದ ಬಾಳೆಹಣ್ಣು ಎರಡೆರಡು ತುತ್ತು ಕೊಡಿ. ಒಂದು ಚಮಚ ತುಪ್ಪ ಹಾಕಿದರೆ ಏನೂ ಆಗುವುದಿಲ್ಲ. ಹಾಲಿಗೆ ನೀರು ಬೆರೆಸುವ ಅಗತ್ಯವೂ ಇಲ್ಲ.

ಉಚ್ಚೆಯ ಮೇಲೆ ಕಣ್ಣಿಡಿ

ನೀವು ಕುಡಿಸಿದ್ದು ಸಾಕಾಗುತ್ತಿದೆಯೋ ಇಲ್ಲವೋ ಹೇಳುವುದು ಉಚ್ಚೆ. ಡೈಪರ್ ಹಾಕಿದ್ದರೆ ಇದು ಗೊತ್ತಾಗುವುದೇ ಕಷ್ಟ. ನೀರು ಭೇದಿಯನ್ನೂ ಉಚ್ಚೆಯನ್ನೂ ಡೈಪರ್ ಒಟ್ಟಿಗೆ ಹೀರಿಕೊಂಡು ಎಲ್ಲಾ ಒಂದೇ ಥರ ಕಾಣುತ್ತದೆ. ಈ ಎರಡು-ಮೂರು ದಿನ ಹಗಲು ಹೊತ್ತು ಹಳೆ ಪಂಚೆಯ ಬಟ್ಟೆ ಕಟ್ಟಿ. ಡೈಪರ್ ಬೇಕೇ ಬೇಕು ಅಂದರೆ ಮುಂದಿನ ಭಾಗದಲ್ಲಿ ಹತ್ತಿಯ ಪುಟ್ಟ ಪಟ್ಟಿ ಇಡಿ. ಕೊನೆಯ ಸಲ ಉಚ್ಚೆ ಮಾಡಿದ್ದು ಯಾವಾಗ ಅಂತ ಕ್ಯಾಲೆಂಡರಿನ ಮೇಲೋ ಫೋನಿನಲ್ಲೋ ಬರೆದಿಡಿ. ಡಾಕ್ಟರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ತಿಳಿ ಹಳದಿ ಬಣ್ಣ ಇದ್ದರೆ ಸಮಾಧಾನ. ಕಡು ಹಳದಿ, ಸ್ವಲ್ಪವೇ ಸ್ವಲ್ಪ ಬಂತು ಅಂದರೆ ಚಮಚದ ವೇಗ ಹೆಚ್ಚಿಸಿ.

ರಾತ್ರಿ ಚೆನ್ನಾಗಿ ಉಚ್ಚೆ ಮಾಡಿ ಮಲಗಿದ ಮಗುವನ್ನು ನಿದ್ದೆ ಕೆಡಿಸಿ ಕುಡಿಸಬೇಕಿಲ್ಲ. ನಿದ್ದೆಯಲ್ಲೂ ಭೇದಿ ಆಗುತ್ತಿದ್ದರೆ ಎಬ್ಬಿಸಿ, ಕೂರಿಸಿ ಕುಡಿಸಿ. ಎಬ್ಬಿಸಿದಾಗ ಗೊಣಗಿಕೊಂಡಾದರೂ ಏಳಬೇಕು. ಏಳದಿದ್ದರೆ ಅದನ್ನು ನಿದ್ದೆ ಅಂದುಕೊಳ್ಳಬೇಡಿ, ಆಸ್ಪತ್ರೆಗೆ ಹೊರಡಿ.

ಜಿಂಕ್ ಮರೆಯಬೇಡಿ

ಓಆರ್‌ಎಸ್ ಜೊತೆ ಕೊಡಬೇಕಾದ ಇನ್ನೊಂದು ಜಿಂಕ್. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ., 14 ದಿನ. ಮಾತ್ರೆಯಾದರೆ ಒಂದು ಚಮಚ ನೀರಲ್ಲಿ ಕರಗುತ್ತದೆ. ಸಿರಪ್ ಆದರೆ 5 ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಅಂತ ಲೇಬಲ್ ನೋಡಿ, ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿ. ಓಆರ್‌ಎಸ್ ಸಿಗುವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದೂ ಉಚಿತ. ಜಿಂಕ್‌ನಿಂದ ಕೆಲವು ಮಕ್ಕಳಿಗೆ ವಾಕರಿಕೆ ಬರುತ್ತದೆ. ಹಾಗಾದರೆ ವಾಂತಿ ತಗ್ಗಿದ ಮೇಲೆ, ಏನಾದರೂ ತಿಂದ ಮೇಲೆ ಕೊಡಿ.

ಭೇದಿ ನಾಲ್ಕೈದು ದಿನಕ್ಕೆ ನಿಂತಿತು ಅಂತ ಎಲ್ಲರೂ ಅಲ್ಲಿಗೇ ಜಿಂಕ್ ನಿಲ್ಲಿಸಿಬಿಡುತ್ತಾರೆ. 14 ದಿನ ಪೂರ್ತಿ ಕೊಟ್ಟರೆ ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿ ಬರುವ ಸಾಧ್ಯತೆಯೂ ಕಮ್ಮಿಯಾಗುತ್ತದೆ. ಅದೇ ಎರಡು ವಾರ ದಿನಕ್ಕೆ ಒಂದು ಹೊತ್ತು ಊಟ ಹೆಚ್ಚಿಗೆ ಕೊಡಿ, ಇಳಿದ ತೂಕ ವಾಪಸ್ ಬರಲಿ. 14 ದಿನ ಕಳೆದರೂ ಭೇದಿ ಮುಂದುವರಿದಿದ್ದರೆ ಅದು ಬೇರೆಯದೇ ತೊಂದರೆ ಇರಬಹುದು, ಮಕ್ಕಳ ಡಾಕ್ಟರಿಗೆ ಮತ್ತೆ ತೋರಿಸಿ.